ಕಡ್ಡಿಯ ಕಾಲಲ್ಲಿ ಮೀನು

"ಯಾಕೇ ಹಾಗೆ ಏಡಿ ಥರ ಅಡ್ಡಡ್ಡ ಇಳೀತಿದ್ದೀಯ?"

ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದಳು. ಕಡ್ಡಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನೇರವಾಗಿ ಇಳಿದರೆ ತೊಡೆ ಚುರುಕ್ಕೆನ್ನುತ್ತಿತ್ತು. ಅಡ್ಡ ಇಳಿದರೆ ಪರವಾಗಿಲ್ಲ.

"ಏನಿಲ್ಲಮ್ಮ. ಸುಮ್ನೆ."

"ಸುಮ್‌ಸುಮ್ನೆ ಯಾರಾದ್ರೂ ಏಡಿ ಆಗ್ತಾರಾ?"

ಕಡ್ಡಿ ಹಲ್ಲು ಕಿರಿದಳು. ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ತೆಳ್ಳಗೆ ಉದ್ದಕ್ಕೆ ಇದ್ದದ್ದರಿಂದ ಉಳಿದವರಿಗೆಲ್ಲ ಅವಳು ಕಡ್ಡಿ.

ಎಲ್ಲಾ ಆ ಸ್ಕೂಬಾ ಡೈವಿಂಗ್ ಕ್ಲಾಸಿನಿಂದ ಆದದ್ದು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಸೊಂಟಕ್ಕೆ ತೂಕದ ಬೆಲ್ಟ್, ಕಾಲಿಗೆ ಕಪ್ಪೆಪಾದದಂಥ ಫಿನ್ಸ್. ನೀರೊಳಗೆ ಹೋದಮೇಲೆ ಯಾವುದೂ ಭಾರವಿಲ್ಲ. ಆದರೆ ದಂಡೆಯಿಂದ ನೀರಿನ ತನಕ ಹೊತ್ತುಕೊಂಡು ಹೋಗುವವಳು ಕಡ್ಡಿಯೇ ತಾನೆ? ಮೊನ್ನೆ ಮೊದಲ ಕ್ಲಾಸು. ನಿನ್ನೆ ಬೆಳಿಗ್ಗೆ ಎದ್ದಾಗ ಮೈಕೈಯೆಲ್ಲ ನುಗ್ಗುನುಗ್ಗಾಗಿತ್ತು.

ಹೇಳುವ ಹಾಗಿರಲಿಲ್ಲ. ಸೇರಿಸುವ ದಿನವೇ ಅಮ್ಮ ಬೆರಳು ತೋರಿಸಿ ಹೇಳಿದ್ದಳು: "ನೋವು, ನೆಗಡಿ ಅಂತ ಶುರುವಾದ್ರೆ ಅವತ್ತೇ ಕ್ಲಾಸ್ ಬಂದ್!" ಇವತ್ತಿನ ಪಾಠ ಚೆನ್ನಾಗಿ ಮಾಡಿದವರನ್ನು ಭಾನುವಾರ ಬೋಟಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ನಿಜವಾದ ಮೀನು ನೋಡಬಹುದು.

ಬಸ್ ಓಡಿಸುವ ಅಮ್ಮ ತನ್ನ ಬ್ಯಾಗನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಭುಜವನ್ನು ಒಮ್ಮೆ ಒತ್ತಿಕೊಂಡಳು.

"ಅಮ್ಮ, ಭುಜ ನೋಯ್ತಿದ್ಯಾ?"

"ಏನಿಲ್ಲ. ನಡಿ ನಡಿ. ಡ್ರೈವರೇ ಲೇಟಾದ್ರೆ ಬಸ್ಸು ತಾನಾಗೇ ಹೋಗುತ್ತಾ?"

ಅವರ ಮನೆಯಲ್ಲಿ ಏನು ಕೇಳಿದರೂ ಮೊದಲು ಬರುವ ಉತ್ತರ ಅದೇ 'ಏನಿಲ್ಲ'.

* * *

ಈಜುಕೊಳದ ಪಕ್ಕದ ರೂಮಿನಲ್ಲಿ ರಬ್ಬರಿನ ವಾಸನೆ. ಗೂಟಗಳಲ್ಲಿ ನೇತುಹಾಕಿದ್ದ ಕಪ್ಪು ವೆಟ್‌ಸೂಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಗೆ ಅಂಟಿ ಕೂತರೆ ಮಾತ್ರ ಈ ಸೂಟು ಬೆಚ್ಚಗಿಡುತ್ತದೆ. ಕಡ್ಡಿಯ ಅಳತೆಯ ಸೂಟಿನ ಝಿಪ್ ಕಿತ್ತುಹೋಗಿ ರಿಪೇರಿಗೆ ಹೋಗಿತ್ತು. ಉಳಿದದ್ದು ದೊಡ್ಡದು.

"ಬಿಗಿಯಾಗಿದ್ಯಾ?" ಡೈವಿಂಗ್ ಮಿಸ್ ಬಾಗಿಲಿನಿಂದಲೇ ಕೇಳಿದರು.

"ಹೂಂ ಮಿಸ್, ಕರೆಕ್ಟಾಗಿದೆ," ಎಂದಳು ಕಡ್ಡಿ. ಇಲ್ಲ ಎಂದರೆ ದಂಡೆಯಲ್ಲಿ ಕೂರಬೇಕಾಗುತ್ತಿತ್ತು.

"ಯಾರಿಗಾದ್ರೂ ಮೈಕೈ ನೋವು ಇದ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಡ್ಡಿಯ ಕೈಯೂ ತಾನಾಗಿಯೇ ಹೆಗಲಿಗೆ ಹೋಯಿತು. ತಕ್ಷಣ ಸೂಟಿನ ಹೆಗಲು ಸರಿಮಾಡಿಕೊಳ್ಳುವವಳ ಹಾಗೆ ನಟಿಸಿದಳು.

ನೀರೊಳಗೆ ಮಾತಾಡಲು ಆಗುವುದಿಲ್ಲವಲ್ಲ, ಅದಕ್ಕೆ ಮಿಸ್ ಕೈಸನ್ನೆಗಳನ್ನು ಮತ್ತೊಮ್ಮೆ ತೋರಿಸಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಓಕೆ'. ಅಂಗೈ ಕೆಳಗೆ ಮಾಡಿ ಆಕಡೆ ಈಕಡೆ ಓಲಾಡಿಸಿದರೆ 'ಏನೋ ಸರಿಯಿಲ್ಲ'. ಎರಡೂ ತೋಳು ಉಜ್ಜಿಕೊಂಡರೆ 'ಚಳಿ'.

"ಚಳಿದು ನಂಗೆ ಬೇಡ ಮಿಸ್," ಎಂದು ಗುಂಡ ಹೊಟ್ಟೆ ತಟ್ಟಿಕೊಂಡ. "ನಂಗೆ ಹುಟ್ಟುವಾಗ್ಲೇ ವೆಟ್‌ಸೂಟ್ ಕೊಟ್ಟು ಕಳ್ಸಿದ್ದಾರೆ."

ಎಲ್ಲರೂ ನಕ್ಕರು. ಗುಂಡ ಕಡ್ಡಿಯ ಜೋಡಿ. ನೀರಿನಲ್ಲಿ ಒಬ್ಬರಿಗೊಬ್ಬರು ಕಾವಲು.

ಇಬ್ಬರೂ ಕೊಳದ ತಳದಲ್ಲಿ ಮೊಣಕಾಲೂರಿ ಕೂತರು. ಮಿಸ್ ಪಕ್ಕದಲ್ಲೇ ಇದ್ದರು. ಸ್ವಲ್ಪ ಹೊತ್ತಿಗೆ ಕಡ್ಡಿಯ ಕತ್ತಿನ ಸಂದಿಯಿಂದ ತಣ್ಣನೆ ನೀರು ನುಗ್ಗಿ ಬೆನ್ನುದ್ದಕ್ಕೂ ಹರಿಯಿತು. ಅಲ್ಲಾಡಿದಾಗಲೆಲ್ಲ ಮತ್ತೆ ಹೊಸ ನೀರು. ಹಲ್ಲು ಕಟಕಟ ಎಂದಿತು. ಬಾಯಲ್ಲಿದ್ದ ಗಾಳಿಯ ಕೊಳವೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಳು. ನಡುಕ ಯಾರಿಗೂ ಕಾಣಬಾರದೆಂದು ಮೈಯೆಲ್ಲ ಬಿಗಿಹಿಡಿದಳು. ಮೊದಲೇ ನೋಯುತ್ತಿದ್ದ ಕಾಲು ಇನ್ನಷ್ಟು ನೋಯತೊಡಗಿತು.

ಮಿಸ್ ಸೊನ್ನೆ ಮಾಡಿ ಕೇಳಿದರು: ಓಕೆ?

ಕಡ್ಡಿಯ ಬೆರಳುಗಳು ಮರಗಟ್ಟಿದ್ದವು. ಬಲವಂತವಾಗಿ ಒತ್ತಿ ಸೊನ್ನೆ ಮಾಡಿದಳು. ಓಕೆ.

ಗುಂಡ ಅವಳ ಸೊನ್ನೆ ನೋಡಿದ. ಆಮೇಲೆ ಪಾಠದಲ್ಲಿ ಹೇಳಿದ್ದ ಹಾಗೆ, ಗಾಳಿ ಮುಗಿದಂತೆ ನಟಿಸಿ, ಕತ್ತಿನ ಮುಂದೆ ಅಂಗೈ ಆಡಿಸಿ, ತನ್ನ ಕೊಳವೆಯನ್ನು ಬಾಯಿಂದ ತೆಗೆದ.

ಈಗ ಕಡ್ಡಿ ಇಂಥ ಹೊತ್ತಿಗೆಂದೇ ಇರುವ ತನ್ನ ಇನ್ನೊಂದು ಕೊಳವೆಯನ್ನು ಅವನಿಗೆ ಕೊಡಬೇಕು. ಅದು ಹಳದಿ ಬಣ್ಣದ್ದು, ಎದೆಯ ಮೇಲೆಯೇ ಕೊಂಡಿಯಲ್ಲಿದೆ. ಅವಳು ತಡಕಾಡಿದಳು. ಕೈಗೆ ಕೊಂಡಿ ತಾಗಿದ್ದೇ ಗೊತ್ತಾಗುತ್ತಿಲ್ಲ. ಎಳೆದಳು, ಜಾರಿತು. ಮತ್ತೆ ಎಳೆದಳು. ಅಷ್ಟರಲ್ಲಿ ಮೊಣಕಾಲ ಕೆಳಗೆ ಹಿಂಭಾಗದಲ್ಲಿ ಯಾರೋ ಗಂಟು ಹಾಕಿ ಹಿಂಡಿದಂತಾಯಿತು.

ಡೈವಿಂಗ್ ಕನ್ನಡಕದ ಹಿಂದೆ ಗುಂಡನ ಕಣ್ಣುಗಳು ದೊಡ್ಡವಾದವು.

ಮಿಸ್ ಕೈ ನಡುವೆ ಬಂತು. ತಮ್ಮ ಹಳದಿ ಕೊಳವೆಯನ್ನು ಅವರು ಗುಂಡನ ಬಾಯಿಗಿಟ್ಟರು. ಗುಳುಗುಳು ಗುಳ್ಳೆ ಎದ್ದಿತು. ಇಬ್ಬರನ್ನೂ ಹಿಡಿದುಕೊಂಡು ನಿಧಾನವಾಗಿ ಮೇಲೆ ತಂದರು.

* * *

ಕಡ್ಡಿ ದಂಡೆಯಲ್ಲಿ ಟವೆಲ್ ಸುತ್ತಿಕೊಂಡು ಗಡಗಡ ನಡುಗುತ್ತಿದ್ದಳು. ಮಿಸ್ ಅವಳ ತಲೆಗೆ ಉಣ್ಣೆ ಟೋಪಿ ಹಾಕಿ, ಕುಡಿಯಲು ಬಿಸಿನೀರು ಕೊಟ್ಟರು. ಆಮೇಲೆ ಅವಳ ಕಾಲನ್ನು ನೇರ ಚಾಚಿಸಿ, ಪಾದದ ಬೆರಳುಗಳನ್ನು ಮೆಲ್ಲಗೆ ಅವಳ ಕಡೆಗೆ ಬಾಗಿಸಿದರು.

"ಮೀನಖಂಡ ಹಿಡ್ಕೊಂಡಿದೆ. ಬಿಡುತ್ತೆ, ಉಸಿರಾಡು."

"ಮೀನು ನೋಡೋಕೆ ಸಮುದ್ರಕ್ಕೆ ಹೋಗ್ಬೇಕು ಅಂತಿದ್ದೆ," ಎಂದ ಗುಂಡ. "ಕಾಲಲ್ಲೇ ಸಿಕ್ತಲ್ಲ."

ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಮೂಗು ಒರೆಸಿಕೊಂಡು ಮೆಲ್ಲಗೆ ಹೇಳಿದ: "ನೀನು ಓಕೆ ಅಂದ್ಯಲ್ಲ ಕಡ್ಡಿ. ಅದಕ್ಕೇ ನಾನು ಬಾಯಿಂದ ತೆಗ್ದೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಡ್ಡಿ ಬಿಸಿನೀರಿನ ಲೋಟವನ್ನೇ ನೋಡುತ್ತಾ ಕೂತಳು.

ಮಿಸ್ ಅವಳ ಸೂಟಿನ ಕತ್ತಿನೊಳಗೆ ಕೈ ಹಾಕಿ ನೋಡಿದರು. ಕೈ ಸಲೀಸಾಗಿ ಹೋಯಿತು.

"ಬಾಗಿಲಲ್ಲೇ ನಿಂತು ಕೇಳಿದೆ, ನಾನೇ ಮುಟ್ಟಿ ನೋಡ್ಬೇಕಿತ್ತು," ಎಂದರು. "ಮೈಕೈ ನೋವೂ ಇತ್ತಾ?"

ಕಡ್ಡಿ ಹೌದೆಂದು ತಲೆಯಾಡಿಸಿದಳು.

"ಮನೇಲಿ ಗೊತ್ತಾ?"

ಕಡ್ಡಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು.

"ಇವತ್ತು ಹೋಗಿ ಹೇಳು. ಹೇಳಿದ ಮೇಲೆ ಅಮ್ಮ ನಂಗೆ ಫೋನ್ ಮಾಡ್ಲಿ. ಆಮೇಲೆ ಭಾನುವಾರದ ಮಾತು."

* * *

ಸಂಜೆ ಬಾಗಿಲ ಬೀಗ ತಿರುಗಿದ ಸದ್ದಾದಾಗ ಕಡ್ಡಿ ನೆಟ್ಟಗೆ ಕೂತಳು. ಹೇಳಿದರೆ ಕ್ಲಾಸ್ ಬಂದ್. ಹೇಳದಿದ್ದರೆ? ಮಿಸ್ ಮರೆತರೂ ಮರೆಯಬಹುದು. ಆದರೆ ಗುಂಡನ ಕಣ್ಣುಗಳನ್ನು ಮರೆಯುವುದು ಹೇಗೆ?

ಅಮ್ಮ ಬ್ಯಾಗನ್ನು ಗೋಡೆಯ ಮೊಳೆಗೆ ಹಾಕಲು ಬಲಗೈ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿ, ಎಡಗೈಯಲ್ಲಿ ಹಾಕಿದಳು.

"ಏನು, ಇನ್ನೂ ಏಡೀನೋ ಅಥವಾ ಮನುಷ್ಯಳಾದ್ಯೋ?"

"ಅಮ್ಮ, ಬೆಳಿಗ್ಗೆ ಏನಿಲ್ಲ ಅಂದಿದ್ದು ಸುಳ್ಳು."

ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ತೊಡೆ ನೋವು, ಹೆಗಲು ನೋವು, ದೊಡ್ಡ ಸೂಟು, ಚಳಿ, ಸಿಗದ ಕೊಂಡಿ. ಗುಂಡನ ಮಾತಿನ ಹತ್ತಿರ ಬಂದಾಗ ಅಳು ಬಂತು. ಅಳುತ್ತಲೇ ಹೇಳಿ ಮುಗಿಸಿದಳು.

ಅಮ್ಮ ನೇರ ಅಡುಗೆಮನೆಗೆ ಹೋದಳು. ಕಡ್ಡಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು.

ಅಮ್ಮ ವಾಪಸ್ ಬಂದಾಗ ಕೈಯಲ್ಲಿ ಬಿಸಿನೀರಿನ ಚೀಲವಿತ್ತು. ಅದನ್ನು ಮಗಳ ಮೀನಖಂಡದ ಮೇಲೆ ಇಟ್ಟು ಪಕ್ಕದಲ್ಲಿ ಕೂತಳು.

"ಬಂದ್ ಮಾಡ್ತೀನಿ ಅಂದಿದ್ದಕ್ಕೆ ಮುಚ್ಚಿಟ್ಯಾ?"

"ಹೂಂ."

"ಸರಿ ಹೋಯ್ತು. ನಾನೇ ನಿನ್ನ ಬಾಯಿಗೆ ಬೀಗ ಹಾಕ್ದಂಗಾಯ್ತು," ಎಂದು ಅಮ್ಮ ಉಸಿರು ಬಿಟ್ಟಳು. ಆಮೇಲೆ ಮಿಸ್‌ಗೆ ಫೋನ್ ಮಾಡಿ ಮಾತಾಡಿದಳು.

"ಭಾನುವಾರ ಬೋಟಲ್ಲಿ ಹೋಗು. ಆದ್ರೆ ಕೂತ್ಕೊಂಡು ನೋಡೋದು ಅಷ್ಟೇ. ನೋವು ಹೋಗ್ಬೇಕು, ಸೂಟು ಬರ್ಬೇಕು, ಆಮೇಲೇ ನೀರು."

ಕಡ್ಡಿಗೆ ಬೇಜಾರಾಯಿತು. ಎಲ್ಲರೂ ಧುಮುಕುವಾಗ ತಾನೊಬ್ಬಳೇ ಮೇಲೆ. ಆದರೂ ಎದೆಯ ಮೇಲಿನ ಸಿಲಿಂಡರನ್ನು ಯಾರೋ ಇಳಿಸಿದ ಹಾಗಿತ್ತು.

ಅಮ್ಮ ಏಳಲು ಹೋಗಿ ಭುಜ ಹಿಡಿದುಕೊಂಡಳು.

"ಅಮ್ಮ, ನಿಂಗೆ?"

"ಏನಿ..."

ಕಡ್ಡಿ ಎರಡು ಬೆರಳು ಸೇರಿಸಿ ಸೊನ್ನೆ ಮಾಡಿ, ಅಮ್ಮನ ಮುಖದ ಮುಂದೆ ಹಿಡಿದು ಹುಬ್ಬು ಏರಿಸಿದಳು. ಓಕೆ? ಆಮೇಲೆ 'ಏನೋ ಸರಿಯಿಲ್ಲ' ಎನ್ನುವ ಸನ್ನೆಯನ್ನೂ ತೋರಿಸಿಕೊಟ್ಟಳು, ಅಂಗೈ ಕೆಳಗೆ ಮಾಡಿ, ಆಕಡೆ ಈಕಡೆ.

ಅಮ್ಮ ಆ ಕೈಯನ್ನೇ ನೋಡಿದಳು. ಬಾಗಿಲ ಕಡೆ ನೋಡಿದಳು. ಕೊನೆಗೆ ಎಡಗೈ ಮುಂದೆ ಚಾಚಿದಳು. ಅಂಗೈ ಕೆಳಗಾಯಿತು. ಮೆಲ್ಲಗೆ ಓಲಾಡಿತು.

ಕಡ್ಡಿ ತನ್ನ ಕಾಲ ಮೇಲಿದ್ದ ಬಿಸಿನೀರಿನ ಚೀಲವನ್ನು ತೆಗೆದು ಅಮ್ಮನ ಭುಜದ ಮೇಲಿಟ್ಟಳು. ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಳು.