ಬೆನ್ನೊಳಗಿನ ಒಲೆ

ಗಂಗೊಳ್ಳಿ ಬಂದರಿನ ಕೋಲ್ಡ್ ಸ್ಟೋರೇಜಿನ ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಗಾಜಿನ ಈಚೆ ನಿಂತ ಅತಿಥಿಗಳಿಗೆ ಆ ಚಳಿ ತಟ್ಟುತ್ತಿರಲಿಲ್ಲ. ಆದರೂ ನೋಡುತ್ತ ನೋಡುತ್ತ ಅವರ ಕೈಗಳು ತಾವಾಗಿಯೇ ಕಂಕುಳು ಸೇರಿದ್ದವು. ಒಳಗೆ ಶರ್ಮಿಳಾ ಮೊಗವೀರ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಪ್ಪುಗಟ್ಟಿದ ಬಂಗುಡೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಬೂಟು, ಕೈಗವಸು ಬಿಟ್ಟರೆ ಚಳಿಗೆಂದು ಮೈಮೇಲೆ ಬೇರೇನೂ ಇರಲಿಲ್ಲ. ಆಗಷ್ಟೇ ಇಳಿಸಿದ ಅನ್ನದ ಪಾತ್ರೆಯಿಂದ ಏಳುವಂತೆ ಅವಳ ತೋಳುಗಳಿಂದ, ಕುತ್ತಿಗೆಯಿಂದ ಹಬೆ ಏಳುತ್ತಿತ್ತು.

ಆ ಹಬೆ ಡಾ. ಮೇಧಾ ಕೆದ್ಲಾಯಳ ಹದಿನೈದು ವರ್ಷಗಳ ದುಡಿಮೆ. ಅತಿಥಿಗಳಿಗೆ ಅವಳೇ ವಿವರಿಸುತ್ತಿದ್ದಳು. ನಮ್ಮ ಮೈಯಲ್ಲಿ ಎರಡು ಬಗೆಯ ಕೊಬ್ಬು ಇದೆ. ಬಿಳಿ ಕೊಬ್ಬು ಕೂಡಿಡುತ್ತದೆ, ಕಂದು ಕೊಬ್ಬು ಉರಿಸುತ್ತದೆ. ಬೇರೆ ಜೀವಕೋಶಗಳು ಆಹಾರದ ಶಕ್ತಿಯನ್ನು ಏನಾದರೊಂದು ಕೆಲಸಕ್ಕೆ ಹಚ್ಚಿದರೆ, ಕಂದು ಕೊಬ್ಬಿನ ಕೋಶ ಅದನ್ನು ನೇರವಾಗಿ ಶಾಖ ಮಾಡಿ ಬಿಟ್ಟುಬಿಡುತ್ತದೆ. ಹುಟ್ಟಿದ ಕೂಸಿಗೆ ಚಳಿಗೆ ನಡುಗಲು ಬರುವುದಿಲ್ಲ. ಅದಕ್ಕೇ ಅದರ ಎರಡು ಹೆಗಲ ಮೂಳೆಗಳ ನಡುವೆ ಈ ಕೊಬ್ಬನ್ನು ಇಟ್ಟು ಕಳಿಸಿರುತ್ತಾನೆ ದೇವರು. ಕೂಸು ಬೆಳೆದಂತೆ ಅದು ಕರಗುತ್ತ ಹೋಗುತ್ತದೆ. ಮೇಧಾಳ ಚುಚ್ಚುಮದ್ದು ಬೆಳೆದವರ ಬೆನ್ನಿನಲ್ಲಿ ಅದನ್ನು ಮತ್ತೆ ಹುಟ್ಟಿಸುತ್ತಿತ್ತು. ಚಳಿಯಾದರೆ ಉರಿ ಏರಬೇಕು, ಸೆಕೆಯಾದರೆ ತಾನೇ ಆರಬೇಕು. ಗಂಗೊಳ್ಳಿಯ ಹೆಂಗಸರು ಅದನ್ನು 'ಒಲೆ ಹಾಕಿಸಿಕೊಳ್ಳುವುದು' ಎನ್ನುತ್ತಿದ್ದರು.

ಅತಿಥಿಗಳು ಊಟಕ್ಕೆ ಹೋದರು. ಮೇಧಾ ಹೋಗಲಿಲ್ಲ. ಅವಳು ಮೈಸೂರಿನಿಂದ ಬಂದದ್ದು ಬೇರೆ ಕಾರಣಕ್ಕೆ: ಒಲೆ ಹಾಕಿಸಿಕೊಂಡವರಿಗೆ ಹೊರಗೆ ಬರಲಾಗುತ್ತಿಲ್ಲ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಕೋಲ್ಡ್ ಸ್ಟೋರೇಜಿಗೆ ತಾಗಿ ಒಂದು ಉದ್ದನೆಯ ಕೋಣೆ. ಅಲ್ಲಿ ಹನ್ನೆರಡು ಡಿಗ್ರಿ. ಬೇಸಗೆ ಹಿಡಿದಂದಿನಿಂದ ಹೆಂಗಸರ ಊಟ, ನಿದ್ದೆ ಎಲ್ಲ ಅಲ್ಲೇ. ಬಾಗಿಲಿಗೆ ಬೀಗವಿರಲಿಲ್ಲ. ತೆರೆದರೆ ಅಂಗಳ, ಅಂಗಳದಾಚೆ ಬಂದರು, ಬಂದರಿನ ಬಲಕ್ಕೆ ಶರ್ಮಿಳಾಳ ಮನೆಯ ಹೆಂಚು. ಅಷ್ಟು ಹತ್ತಿರ. ಆದರೆ ಆ ಬಾಗಿಲಿನಾಚೆ ಕಡಲ ತೀರದ ಸೆಕೆ ಬೆವರನ್ನೂ ಒಣಗಗೊಡದಂತೆ ನಿಂತಿತ್ತು. ಮನೆಗೆ ಹೋಗಿಯೇ ತೀರುತ್ತೇನೆಂದು ಹೊರಟ ಶರ್ಮಿಳಾ ಒಮ್ಮೆ ರಿಕ್ಷಾ ಸ್ಟ್ಯಾಂಡಿನ ಹತ್ತಿರ ಬಿದ್ದಿದ್ದಳು. ಮೀನಿಗೆಂದು ತಂದ ಮಂಜುಗಡ್ಡೆಯ ಮೇಲೆ ಮಲಗಿಸಿ ಅವಳನ್ನು ಉಳಿಸಿಕೊಂಡಿದ್ದರು.

"ಬನಿ ಮೇಡಂ, ನಮ್ಮ ಜೈಲಿಗೆ," ಎಂದು ಕರೆದಳು ಪ್ರತಿಮಾ, ಶರ್ಮಿಳಾಳ ಜೊತೆಗಾತಿ. ಅವಳ ಮುಂದೆ ಕೊಬ್ಬರಿ ಎಣ್ಣೆ ಹಾಕಿ ಕಲಸಿದ ಅನ್ನದ ರಾಶಿ. "ಊಟ ಆಯ್ತಾ? ನಮ್ಗೆ ಬೆಳಿಗ್ಗೆಯಿಂದ ಇದ್ ಮೂರ್ನೇದ್. ಒಲೆಗೆ ಸೌದೆ ಹಾಕ್ತಾನೇ ಇರ್ಕ್ ಅಲ್ದಾ?"

ಶರ್ಮಿಳಾ ನಗಲಿಲ್ಲ. "ನನ್ ಮಗಳ್ ಧನ್ವಿಗೆ ಚೊಚ್ಚಲ ಹೆರಿಗೆ ಮೇಡಂ. ಮನಿಗೆ ಬಂದ್ ಕೂತಿದ್ಲ್. ಬಾಣಂತಿಗೆ, ಕೂಸಿಗೆ ಮೀಸೂದ್ ಯಾರ್? ಹೆತ್ತ ಅಬ್ಬಿ ಅಲ್ದಾ? ಬಚ್ಚಲಿಗೆ ಬೆಂಕಿ ಹಾಕಿ, ಹಂಡೆ ನೀರ್ ಕಾಯ್ಸಿ, ಆ ಬಿಸಿ ಒಳ್ಗೆ ಕೂಕಂಡ್ ಎಣ್ಣೆ ತಿಕ್ಕಿ ಮೀಸ್ಕ್. ನಂಗೆ ಈ ಬಾಗ್ಲ್ ದಾಟೂಕೇ ಆತಿಲ್ಲ. ಈ ಒಲೆ ಯಾವತ್ತ್ ಆರತ್ತ್, ಅದೊಂದ್ ಹೇಳಿ."

"ಅದು ಆರಲೇಬೇಕು ಶರ್ಮಿಳಕ್ಕ. ಇಲಿಗಳಲ್ಲಿ ಆರಿದೆ, ನಾನೇ ನೋಡಿದ್ದೇನೆ. ಚಳಿಯ ಪೆಟ್ಟಿಗೆಯಲ್ಲಿ ಇಟ್ಟಾಗ ಚೆನ್ನಾಗಿ ಉರಿಯಿತು. ಹೊರಗೆ, ನಾವು ಕೆಲಸ ಮಾಡುವ ಕೋಣೆಗೆ ತಂದಾಗ ಇಳಿಯಿತು. ಅಳೆದು ನೋಡಿದರೆ ಚುಚ್ಚುಮದ್ದು ಕೊಡದ ಇಲಿಗಳ ಮೈಯಿಂದ ಎಷ್ಟು ಶಾಖ ಬರುತ್ತಿತ್ತೋ ಇವುಗಳಿಂದಲೂ ಅಷ್ಟೇ. ಅಂದರೆ ಆರಿತು ಎಂದೇ ಅರ್ಥ."

"ಇಲಿಗೆ ಆರಿತಂಬ್ರ್," ಎಂದಳು ಪ್ರತಿಮಾ. "ಹಂಗಾರೆ ನಮ್ಮನ್ನೂ ಇಲಿ ಮಾಡಿ ಮೇಡಂ. ಬಿಲ ತೋಡ್ಕಂಡ್ ಮನಿಗೆ ಹೋತೊ."

ಕೋಣೆಯೆಲ್ಲ ನಕ್ಕಿತು. ಮೇಧಾಳಿಗೆ ನಗಬೇಕೆಂದರೆ ದವಡೆ ಅದುರುತ್ತಿತ್ತು. ಅವಳು ಬಂದದ್ದು ಏಪ್ರಿಲ್ ತಿಂಗಳ ಗಂಗೊಳ್ಳಿಗೆ ತಕ್ಕ ತೆಳು ಬಟ್ಟೆಯಲ್ಲಿ.

"ಅಯ್ಯೋ ದೇವ್ರೇ, ಇವ್ರ್ ತುಟಿ ಕಪ್ಪಾಯ್ತಲೆ!" ಶರ್ಮಿಳಾ ಅವಳ ಕೈ ಹಿಡಿದು ಎಳೆದಳು. "ಬನಿ, ನಮ್ಮ ಮಧ್ಯ ಕೂಕಣಿ. ನಾಚ್ಕಿ ಎಂತದ್?"

ಅಂದು ಶನಿವಾರ, ಭಜನೆಯ ದಿನ. ಹೊಗೆ ಕಂಡರೆ ಕೂಗುವ ಯಂತ್ರ ಮಾಡಿನಲ್ಲಿ ಇದ್ದುದರಿಂದ ಆ ಕೋಣೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಹಚ್ಚದ ಹಿತ್ತಾಳೆ ದೀಪಕ್ಕೇ ಒಂದು ಹೂವಿಟ್ಟು ಹೆಂಗಸರು ಹಾಡತೊಡಗಿದರು. ಮೊದಲು ಶರ್ಮಿಳಾಳ ದನಿ, ಅದರ ಹಿಂದೆ ಉಳಿದವರ ದನಿ. ಭಜನಾ ಮಂದಿರದ ಚಾಪೆಯ ಮೇಲೆ ಕುಳಿತು ಕೇಳಿ ಕೇಳಿ ಕಲಿತ ಪದಗಳು, ದಾರಿ ತಪ್ಪುವಂತಿರಲಿಲ್ಲ. ಮೇಧಾ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಅವರ ನಡುವೆ ಮುದುಡಿ ಕುಳಿತಿದ್ದಳು. ಎರಡೂ ಕಡೆಯಿಂದ ಬಿಸಿ ಅವಳ ಮೈಗೆ ಇಳಿಯುತ್ತಿತ್ತು. ಕೇಳುತ್ತ ಕೇಳುತ್ತ ಎದುರಿನ ಕಿಟಕಿಯ ಗಾಜನ್ನು ನೋಡಿದಳು. ಅದರಲ್ಲಿ ಒಂದಕ್ಕೊಂದು ಒತ್ತಿಕೊಂಡ ಮೈಗಳ ಒಂದು ಗುಪ್ಪೆ ಕಂಡಿತು.

ಆ ಚಿತ್ರವನ್ನು ಅವಳು ಬಲ್ಲಳು. ಮೈಸೂರಿನಲ್ಲಿ ಅವಳ ಮೇಜಿನ ಮೇಲೆ ಅಂಥದೇ ಫೋಟೊ ಇತ್ತು: ಹತ್ತಿಯ ಗೂಡಿನಲ್ಲಿ ಗುಪ್ಪೆಯಾಗಿ ಮಲಗಿದ ಬಿಳಿ ಇಲಿಗಳು. ಕೆಳಗೆ ವಿದ್ಯಾರ್ಥಿಯೊಬ್ಬ 'ಪ್ರೀತಿ' ಎಂದು ಬರೆದಿದ್ದ.

ಪ್ರೀತಿಯಲ್ಲ, ಚಳಿ.

ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ಡಿಗ್ರಿ. ಬಟ್ಟೆ ತೊಟ್ಟು ಕೆಲಸ ಮಾಡುವ ಮನುಷ್ಯರಿಗೆ ಅದು ಹಿತ. ಇಲಿಯ ಮೈ ಅಂಗೈಯಷ್ಟೂ ಇಲ್ಲ, ಬಿಸಿ ನಿಲ್ಲುವುದಿಲ್ಲ. ಅದಕ್ಕೆ ಹಿತವಾಗಬೇಕಾದರೆ ಮೂವತ್ತರ ಹತ್ತಿರ ಬೇಕು. ಇದು ಮೇಧಾಳಿಗೆ ಗೊತ್ತಿರಲಿಲ್ಲವೆಂದಲ್ಲ, ಪಾಠದಲ್ಲಿ ಹೇಳಿಯೂ ಇದ್ದಳು. ಆದರೆ ಆ ಕೋಣೆಯನ್ನು ಅವಳು ಎಂದೂ ಇಲಿಯ ಮೈಯಿಂದ ನೋಡಿರಲಿಲ್ಲ. ಚುಚ್ಚುಮದ್ದು ಕೊಡದ ಇಲಿಗಳೂ ಅಲ್ಲಿ ಬದುಕಿರಲು ತಮ್ಮ ಕಂದು ಕೊಬ್ಬನ್ನು ಹಗಲಿರುಳು ಉರಿಸುತ್ತಲೇ ಇದ್ದವು. ಕೊಟ್ಟವೂ ಅಷ್ಟೇ ಉರಿಸುತ್ತಿದ್ದವು. ಎರಡೂ ಸಮನಾದದ್ದನ್ನು ನೋಡಿ ಅವಳು ಆರಿತು ಎಂದು ಬರೆದಿದ್ದಳು. ಆ ಕೋಣೆಯಲ್ಲಿ ಯಾವ ಇಲಿಯ ಒಲೆಯೂ ಒಂದು ದಿನವೂ ಆರಿರಲಿಲ್ಲ.

ಅವಳು ಮೈಸೂರಿಗೆ ಮರಳಿ ಕೋಣೆಯ ಶಾಖವನ್ನು ಮೂವತ್ತಕ್ಕೆ ಏರಿಸಿದಳು. ಚುಚ್ಚುಮದ್ದು ಕಾಣದ ಇಲಿಗಳು ಮೆಲ್ಲನೆ ಒಂದನ್ನೊಂದು ಬಿಟ್ಟು, ಗೂಡಿನಿಂದ ಹೊರಬಂದು, ಅಲ್ಲಲ್ಲಿ ಕಾಲು ಚಾಚಿ ಮಲಗಿದವು. ಅವು ಹಾಗೆ ಮಲಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಚುಚ್ಚುಮದ್ದು ಕೊಟ್ಟವು ನೀರಿನ ನಳಿಕೆಯ ತಣ್ಣನೆಯ ಲೋಹಕ್ಕೆ ಹೊಟ್ಟೆ ಒತ್ತಿಕೊಂಡು, ತಮ್ಮ ಜೊಲ್ಲನ್ನೇ ಮೈಗೆ ಬಳಿದುಕೊಳ್ಳುತ್ತ ಒದ್ದಾಡಿದವು. ಉರಿ ಇಳಿಯಲಿಲ್ಲ. ಹೊಸಬರಿಗೆ ಚುಚ್ಚುವುದನ್ನು ಅವಳು ಅಂದೇ ನಿಲ್ಲಿಸಿದಳು. ಹಾಕಿಸಿಕೊಂಡವರಿಗೆ ಹೇಳುವುದೇನು? ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮತ್ತೆ ಗಂಗೊಳ್ಳಿಗೆ ಹೋದಳು.

ಶರ್ಮಿಳಾ ಕೊನೆಯವರೆಗೂ ಕೇಳಿಸಿಕೊಂಡಳು. "ಹಂಗಾರೆ ಆರುದಿಲ್ಲ."

"ಸದ್ಯಕ್ಕಿಲ್ಲ. ಆರಿಸುವ ದಾರಿ ಹುಡುಕುತ್ತೇನೆ. ಎಷ್ಟು ವರ್ಷವಾದೀತೋ ಹೇಳಲಾರೆ. ತಪ್ಪು ನನ್ನದು ಶರ್ಮಿಳಕ್ಕ."

ಪ್ರತಿಮಾ ಅನ್ನದ ತಟ್ಟೆಯನ್ನು ದೂರ ಸರಿಸಿದಳು, ಸ್ವಲ್ಪ ಹೊತ್ತಿನ ಮೇಲೆ ಹಸಿವು ತಡೆಯಲಾರದೆ ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಧನ್ವಿಗೆ ಹೆಣ್ ಕೂಸ್," ಎಂದಳು ಶರ್ಮಿಳಾ. "ಆಸ್ಪತ್ರೆಯಿಂದ ಮನಿಗೆ ಬಂದಾಯ್ತ್. ಮೀಸೂದ್ ನನ್ ತಂಗಿ." ಹಾಗೆಂದವಳು ತಟ್ಟನೆ ಎದ್ದಳು. "ಮೀನ್ ಲಾರಿ ಇತ್ತಲೆ? ಅದ್ರೊಳ್ಗೂ ತಂಪೇ."

ಮೀನು ಸಾಗಿಸುವ ತಂಪು ಲಾರಿಯಲ್ಲಿ ಇಬ್ಬರೂ ಹೊರಟರು, ಮೇಧಾ ಕಂಬಳಿ ಹೊದ್ದುಕೊಂಡು. ಚಾಲಕ ಲಾರಿಯನ್ನು ಹಿಂದಕ್ಕೆ ತಂದು ಅದರ ಬಾಗಿಲನ್ನು ಶರ್ಮಿಳಾಳ ಮನೆಯ ಜಗಲಿಗೆ ತಾಗಿಸಿ ನಿಲ್ಲಿಸಿದ. ಬಾಗಿಲು ತೆರೆದಾಗ ಬಿಳಿಯ ತಂಪು ಜಗಲಿಯ ಮೇಲೆ ಹರಿಯಿತು. ಮನೆಯೊಳಗಿನಿಂದ ಕೊಬ್ಬರಿ ಎಣ್ಣೆ, ಬಚ್ಚಲ ಹೊಗೆ, ಬಿಸಿನೀರಿನ ವಾಸನೆ. ತಲೆಗೆ ಬಟ್ಟೆ ಕಟ್ಟಿದ ಧನ್ವಿ ಅಳುತ್ತಿದ್ದ ಕೂಸನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತಳು.

"ಅಮ್ಮಾ, ಚಳಿ ಆತ್ತೇ ಕೂಸಿಗೆ."

"ಆತಿಲ್ಲ ಹೆಣ್ಣೇ. ಕೊಡ್ ಇತ್ಲಾಗೆ. ಅಜ್ಜಿ ಇರೂದ್ ಎಂತಕ್ಕೆ ಮತ್ತೆ?"

ಕೂಸು ಅಜ್ಜಿಯ ಮೈಗೆ ತಾಗಿದ್ದೇ ಅಳು ನಿಲ್ಲಿಸಿತು. ಶರ್ಮಿಳಾ ಬಟ್ಟೆಯೊಳಗೆ ಕೈ ತೂರಿಸಿ ಅದರ ಬೆನ್ನು ಸವರಿದಳು. ಎರಡು ಪುಟ್ಟ ಹೆಗಲುಗಳ ನಡುವೆ ಅವಳ ಅಂಗೈ ನಿಂತಿತು.

"ಇದ್ಕೂ ಒಲೆ ಇತ್ತಾ ಮೇಡಂ?"

"ಇದೆ. ಎಲ್ಲ ಕೂಸುಗಳಿಗೂ ಇರುತ್ತದೆ."

"ಇದ್ರದ್ ಆರತ್ತ್ ಅಲ್ದಾ?"

"ಆರುತ್ತದೆ ಶರ್ಮಿಳಕ್ಕ. ತಾನಾಗಿಯೇ ಆರುತ್ತದೆ."

ಶರ್ಮಿಳಾ ಕೂಸಿನ ನೆತ್ತಿ ಮೂಸಿ ನೋಡಿ, ಅದನ್ನು ಮಗಳ ಕೈಗೆ ಕೊಟ್ಟಳು. ಅಷ್ಟರಲ್ಲೇ ಸೆಕೆಗೆ ಅವಳ ಮುಖ ಕೆಂಪೇರಿ, ಉಸಿರು ಭಾರವಾಗಿತ್ತು. "ಹೋಯ್, ಚಂದ ಮಾಡಿ ಮೀಸ್," ಎಂದು ಒಳಗಿದ್ದ ತಂಗಿಗೆ ಕೂಗಿ ಹೇಳಿ, ಲಾರಿಯ ಬಾಗಿಲನ್ನು ಒಳಗಿನಿಂದ ತಾನೇ ಎಳೆದುಕೊಂಡಳು.

ಇಲಿಗಳ ಕೋಣೆಯನ್ನು ಮೂವತ್ತಕ್ಕೆ ಏರಿಸಿ ನೋಡಿ ಎಂದು ಮೇಧಾ ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಬರೆದಳು. ಉತ್ತರಗಳು ಸೌಜನ್ಯದಿಂದ ತುಂಬಿದ್ದವು. ಮೂವತ್ತು ಡಿಗ್ರಿಯಲ್ಲಿ ಮನುಷ್ಯರು ಕೆಲಸ ಮಾಡುವುದು ಹೇಗೆ? ಇಷ್ಟು ವರ್ಷ ಬರೆದಿಟ್ಟದ್ದನ್ನೆಲ್ಲ ಮತ್ತೆ ತೆರೆದು ನೋಡುವವರು ಯಾರು? ಅವಳ ಕೋಣೆಯಲ್ಲಂತೂ ಬೆವರು ಹಣೆಯಿಂದ ಇಳಿದು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಮೇಡಂ, ಒಂಚೂರು ಕಮ್ಮಿ ಮಾಡ್ಲಾ?" ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಿದ್ದರು. "ಬೇಡ," ಎನ್ನುತ್ತಿದ್ದಳು ಮೇಧಾ.

ಮೇಧಾಳ ಕಾಲ ಇನ್ನೂ ಬರಬೇಕು, ಆದರೆ ಆ ಇಪ್ಪತ್ತೆರಡರ ಅಂಕಿ ನಮ್ಮ ಕಾಲದ್ದೇ. ನಾವು ನುಂಗುವ ಎಷ್ಟೋ ಮಾತ್ರೆಗಳು ಇಲಿಗಳ ಅಂಥ ಕೋಣೆಗಳನ್ನು ಹಾದು ಬಂದಿವೆ. ಈ ಕತೆಯನ್ನು ಓದುತ್ತಿರುವ ಈ ಹೊತ್ತಿಗೂ ಅಲ್ಲಿ ಬಿಳಿ ಇಲಿಗಳು ಹತ್ತಿಯೊಳಗೆ ಒಂದನ್ನೊಂದು ಒತ್ತಿಕೊಂಡು ಮಲಗಿವೆ. ನೋಡಿದವರಿಗೆ ಮುದ್ದೆನಿಸುತ್ತದೆ.