ದಡದ ಮೇಲಿನ ಐದು ಬಿಳಿ ಚುಕ್ಕೆ

ಒಂದೇ ಹೊಳೆಗೆ ಇಬ್ಬರು ಮಾಲೀಕರು!

ಸೋಮವಾರ ಬೆಳಿಗ್ಗೆ ಮೊಬೈಲು ತೆರೆದ ಗುರುಲಿಂಗಯ್ಯನವರಿಗೆ ಕಂಡದ್ದು ಇದು. ಭೀಮಶ್ಯಾ ಹಾಕಿದ ಫೋಟೋ, ಶೈಲಶ್ರೀ ಹಾಕಿದ ಫೋಟೋ — ಎರಡೂ ಒಂದೇ. ಅದೇ ಕಾಡು, ಅದೇ ಹೊಳೆ, ನೀರಿಗೆ ಬಾಗಿದ ಅದೇ ಮರ. ಕೆಳಗೆ ಇಡೀ ಬಳಗ ಓದುವಂತೆ ಭೀಮಶ್ಯಾ ಬರೆದಿದ್ದ: "ನನ್ನ ಫೋಟೋ ಕದ್ದಾಳ. ಕಳ್ಳಿಗೆ ಬಳಗದಾಗ ಜಾಗ ಇರಬಾರದು."

"ಥೂ ಇದರ!"

ಜೀವಮಾನವೆಲ್ಲ ಠಾಣೆಯಲ್ಲಿ ಕೂತು ಫಿರ್ಯಾದು ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು. ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಚಂದಾಪುರದಲ್ಲಿ ಹಾಯಾಗಿರೋಣವೆಂದು ವಾಟ್ಸಾಪಿನಲ್ಲಿ ಫೋಟೋ ಬಳಗ ಕಟ್ಟಿದರೆ, ಇಲ್ಲೂ ಫಿರ್ಯಾದು! ಹೆಂಡತಿ ಶರಣಬಸಮ್ಮ ಚಹಾ ಇಟ್ಟು ಹೇಳಿದರು: "ಸುಮ್ಮ ಇದ್ದ ಇರುವಿ ಮೈಮ್ಯಾಲ ಬಿಟ್ಕೊಂಡೀರಿ. ಅನುಭೋಗಸ್ರಿ."

ಬಳಗಕ್ಕೊಂದು ಪದ್ಧತಿಯಿತ್ತು. ಫೋಟೋ ತೆಗೆದವರು ಹೆಸರು ಬರೆಯದೆ ಒಂದು ಪ್ರಿಂಟನ್ನು ಗುರುಲಿಂಗಯ್ಯನವರ ಬಾಗಿಲ ಡಬ್ಬಿಗೆ ಹಾಕಬೇಕು. ಯಾರದೆಂದು ಅವರಿಗೂ ಗೊತ್ತಾಗಬಾರದು. ಅವರು ಅದನ್ನು ಮೊಬೈಲಿನಲ್ಲಿ ಹೊಡೆದು ಬಳಗಕ್ಕೆ ಹಾಕಿದರೆ ಎಲ್ಲರೂ ತಪ್ಪು ಹುಡುಕುವರು. ತೆಗೆದವರು ತುಟಿ ಬಿಚ್ಚುವಂತಿಲ್ಲ. ಸೋಮವಾರ ಮಾತ್ರ, ತಿದ್ದಿದ ಅಸಲು ಫೋಟೋ ಹಾಕಿ "ಇದು ನಂದು" ಎನ್ನಬೇಕು. ಹೊಗಳುಭಟರ ಕಾಟ ತಪ್ಪಲೆಂದು ಗುರುಲಿಂಗಯ್ಯನವರೇ ಮಾಡಿದ ನಿಯಮವಿದು.

ಈ ಸಲದ ಹೊಳೆ ಎಲ್ಲರಿಗೂ ಹಿಡಿಸಿತ್ತು. ಹಾಗೆಂದು ತಪ್ಪು ಹುಡುಕದೆ ಬಿಟ್ಟಾರೆಯೇ? ಬಲಗಡೆಯ ಕೊಂಬೆ ಅಡ್ಡ ಬಂದಿದೆ, ಆಕಾಶ ಬಿಳಚಿದೆ ಎಂದರು. ಹೂವಿನಲ್ಲೂ ಹುಳುಕು ಹುಡುಕುವ ರೇವಣಸಿದ್ದಯ್ಯ ಎಂಬ ಮೇಷ್ಟ್ರು "ಎಡಕ್ಕ ಲೆನ್ಸಿನ ಧೂಳು ಕಾಣಾಕತ್ತದ" ಎಂದು ಬರೆದರು. "ಹೌದು, ಮೊದಲು ಧೂಳು ಒರಸ್ರಿ" ಎಂದು ಗುರುಲಿಂಗಯ್ಯನವರೂ ದನಿಗೂಡಿಸಿದ್ದರು. ಊರಿನ ಹೊಸ ವಾಚನಾಲಯದ ಗೋಡೆಗೆ ಇದೇ ಫೋಟೋ ದೊಡ್ಡದಾಗಿ, ಕೆಳಗೆ ಹೆಸರಿನೊಂದಿಗೆ ಹೋಗುವುದೆಂದು ತೀರ್ಮಾನವೂ ಆಗಿತ್ತು.

ಮೊದಲು ಬಂದವನು ಭೀಮಶ್ಯಾ. ಚಿಂಚೋಳಿಯಲ್ಲಿ ಅವನದು ಫೋಟೋ ಅಂಗಡಿ. ಸುತ್ತಲಿನವರ ಪ್ರಿಂಟೆಲ್ಲ ಅಲ್ಲೇ.

"ಯಾವಾಗ ತೆಗದಿ?"

"ಶ್ರಾವಣದಾಗ್ರಿ ಸರ. ಹೊಳಿ ಹ್ಯಾಂಗ ತುಂಬಿ ಹರಿಯಾಕತ್ತದ ನೋಡ್ರಿ. ಚಂದ್ರಂಪಳ್ಳಿ ಡ್ಯಾಮಿನ ಕೆಳಗ."

"ತಾರೀಕು?"

"ಆ ಕ್ಯಾಮೆರಾದಾಗ ತಾರೀಕು ಎಂದೂ ಸರಿ ಇಲ್ರಿ."

"ಆಕಿ ಕೈಗೆ ಹ್ಯಾಂಗ ಹೋತು?"

"ಹೋದ ತಿಂಗಳ ತನಕ ನನ್ನ ಅಂಗಡ್ಯಾಗೇ ಕೆಲಸಕ್ಕಿದ್ಳಲ್ರಿ! ಕಂಪ್ಯೂಟರ್‌ದಾಗಿಂದ ಎತ್ಕೊಂಡಾಳ. ನೀವು ಹೇಳಿದ್ದೆಲ್ಲಾ ನಾ ತಿದ್ದೀನಿ — ಕೊಂಬಿ ಕತ್ತರಿಸೀನಿ, ಆಕಾಶ ಸರಿ ಮಾಡೀನಿ, ಧೂಳು ಒರಸೀನಿ. ಆಕಿ ಧೂಳು ಸೈತ ಒರಸಿಲ್ಲ. ಖರೇ ಮಾಲಕ ಯಾರಂತ ಇದ್ರಾಗೇ ತಿಳೀತದ."

ಮಾತು ಸರಿಯೆನಿಸಿತು. ಗುರುಲಿಂಗಯ್ಯನವರಿಗೆ ಶೈಲಶ್ರೀಯ ಮೇಲೆ ಸಿಟ್ಟೇ ಬಂತು.

ಶೈಲಶ್ರೀ ಬಂದಳು. ಕುಂದ್ರು ಎಂದರೂ ಕೂರಲಿಲ್ಲ. ಕಣ್ಣು ಕೆಂಪಾಗಿದ್ದವು.

"ಬೆಳಿಗ್ಗೆನೇ ಎರಡು ಮನಿಯವರು ಕುಬಸದ ಫೋಟೋ ಬ್ಯಾಡ ಅಂದ್ರು ಸರ. ಬಸುರಿ ಹೆಣ್ಮಗಳ ಮನಿ ಒಳಗ ನಂಬಿ ಕರೀತಾರ ನನಗ. ಕಳ್ಳಿ ಅನಿಸಿಕೊಂಡ್ರ ಯಾರು ಬಾಗಲಾ ತೆಗೀತಾರ? ಅಂಗಡಿ ಬಿಟ್ಟು ಈಗಷ್ಟೇ ನನ್ನ ಕಾಲ ಮ್ಯಾಲ ನಿಂತೀನಿ."

"ಅಳಬ್ಯಾಡ. ಯಾವಾಗ ತೆಗದಿ ಹೇಳು."

"ಎಳ್ಳಮಾಸಿ ಮರುದಿನ."

"ಚಳಿಗಾಲದಾಗ ಹೊಳಿಗಿ ಇಷ್ಟು ನೀರು?"

"ಹಿಂಗಾರಿ ಬೆಳಿಗಿ ಡ್ಯಾಮಿನ ಗೇಟ್ ತೆಗದಿದ್ರು."

"ಭೀಮಶ್ಯಾನ ಹತ್ರ ಹ್ಯಾಂಗ ಬಂತು?"

"ಡಬ್ಬಿಗೆ ಹಾಕೋ ಪ್ರಿಂಟು ಅವನ ಅಂಗಡ್ಯಾಗೇ ತೆಗಸೀನಿ ಸರ. ಬ್ಯಾರೆ ಅಂಗಡಿ ಎಲ್ಲೈತಿ?"

ಇವಳು ಹೇಳುವುದೂ ಸರಿಯೇ! ಗುರುಲಿಂಗಯ್ಯ ಹಣೆ ಒತ್ತಿಕೊಂಡರು.

"ಮತ್ತ ಧೂಳು ಯಾಕ ಒರಸಿಲ್ಲ?"

"ಸರ, ಅದು—"

"ನೆವ ಹೇಳಬ್ಯಾಡ! ಹೇಳಿದ್ದೊಂದು ಕೆಲಸ ಮಾಡಂಗಿಲ್ಲ, ಮ್ಯಾಲ ವಾದ ಬ್ಯಾರೆ! ಹೊರಗ ಕೂಡು."

ಅವಳು ಪಡಸಾಲೆಗೆ ಹೋದಳು. ಅಲ್ಲಿ ಭೀಮಶ್ಯಾ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಗಲೇ ಬಳಗದಲ್ಲಿ "ಏನಾತು?" "ತೆಗೀರಿ ಆಕೀನ್ನ" ಎಂದು ಸಂದೇಶಗಳ ಸುರಿಮಳೆ. ಇವರಿಗೆ ಬೇರೆ ಉದ್ಯೋಗವೇ ಇಲ್ಲವೇ, ಶಿವನೇ!

ಗುರುಲಿಂಗಯ್ಯ ಲ್ಯಾಪ್‌ಟಾಪ್ ತೆರೆದರು. ಇಲ್ಲಿಯ ತನಕ ಅವರು ನೋಡಿದ್ದು ಪ್ರಿಂಟನ್ನು, ಅದೂ ಮೊಬೈಲಿನಲ್ಲಿ. ಈಗ ಶೈಲಶ್ರೀಯ ಅಸಲು ಫೋಟೋವನ್ನು ದೊಡ್ಡದು ಮಾಡಿದರು. ಎಡದಂಡೆ. ಜಾಲಿಗಿಡ. ಅದರ ಬುಡದಲ್ಲಿ ಆ ದರಿದ್ರ ಧೂಳು. ಒಂದು, ಎರಡು... ಐದು ಚುಕ್ಕೆ. ಧೂಳು ಹೀಗೆ ಸಾಲಾಗಿ ಕೂಡುತ್ತದೆಯೇ? ಇನ್ನಷ್ಟು ದೊಡ್ಡದು ಮಾಡಿದರು. ಚುಕ್ಕೆಗಳ ಮೇಲೆ ಕಂದು ಬಣ್ಣದ್ದೇನೋ ಕವಿದಿತ್ತು. ಕಲ್ಲಲ್ಲ, ಪೊದೆಯಲ್ಲ. ದಂಟು!

"ಎಲಾ ಇದರ! ನನ್ನ ಕಣ್ಣಿಗೇನಾಗಿತ್ತು?"

ಇಬ್ಬರನ್ನೂ ಒಳಗೆ ಕರೆದರು.

"ಭೀಮಶ್ಯಾ, ನೀ ಒರಸಿದ್ದು ಧೂಳೇ?"

"ಧೂಳೇರಿ. ನೀವೇ ಹೇಳಿದ್ರಲ್ಲ."

"ನಾ ಹೇಳೀನಿ, ಖರೆ. ನಾ ಅಲ್ಲಿ ನಿಂತಿದ್ದಿಲ್ಲ. ನೀ ನಿಂತಿದ್ದೆಲ್ಲಾ?"

"ನಿಂತಿದ್ದೆ... ಯಾಕ್ರಿ?"

"ಆಣಿ ಮಾಡಿ ಹೇಳು. ಆ ದಂಡಿ ಮ್ಯಾಲ ಏನೂ ಇದ್ದಿಲ್ಲ?"

"ಏನೂ ಇದ್ದಿಲ್ರಿ. ಬರೇ ಹುಲ್ಲು."

ಗುರುಲಿಂಗಯ್ಯ ಪರದೆಯನ್ನು ಅವನತ್ತ ತಿರುಗಿಸಿದರು.

"ನೋಡು. ಜ್ವಾಳದ ದಂಟಿನ ಕೊಂಪಿ, ಸಣ್ಣ ಗುಡಸಲ ಇದ್ದಂಗ. ಒಳಗ ಸುಣ್ಣ ಹಚ್ಚಿದ ಐದು ಕಲ್ಲು. ಎಳ್ಳಮಾಸಿ ದಿನ ಹೊಲಕ್ಕ ಎಡಿ ಒಯ್ದು ಚರಗಾ ಚೆಲ್ಲೋ ಮುಂದ ಯಾರಿಗಿ ಪೂಜಿ ಮಾಡ್ತಾರೋ?"

ಭೀಮಶ್ಯಾನ ಮುಖ ಸಪ್ಪಗಾಯಿತು. "ಪಾಂಡವರಿಗಿ" ಎಂದ, ಕೇಳಿಸಿಯೂ ಕೇಳಿಸದಂತೆ.

"ಶ್ರಾವಣದಾಗ ಎಲ್ಲೀ ಪಾಂಡವರು? ಎರಡು ಮಳಿ ಬಿದ್ರ ಸುಣ್ಣ ಉಳೀತದೇನು? ದಂಟು ದನಾ ಬಿಡ್ತಾವೇನು?"

"ಹಂಗಾರ... ಎಳ್ಳಮಾಸಿ ಮರುದಿನನೇ ಇರಬೇಕ್ರಿ. ಮರೆತೀನಿ."

"ದಿನಾ ಮರೀಬಹುದು. ಎದುರಿಗಿದ್ದ ಪಾಂಡವರನ್ನ ಮರ್ತು ಧೂಳು ಅಂತ ಒರಸಿ ಹಾಕ್ತಿಯೇನು? ಈಗಷ್ಟೇ ಬರೇ ಹುಲ್ಲು ಅಂತ ಆಣಿ ಮಾಡಿದಿ! ಅಲ್ಲಿ ನಿಂತವರಿಗಿ ಅವು ಏನಂತ ಗೊತ್ತಿತ್ತು. ಅದಕ್ಕೇ ಆಕಿ ಎಲ್ಲಾ ತಿದ್ದಿ ಅದೊಂದು ಬಿಟ್ಟಾಳ. ಪ್ರಿಂಟಿಗೆ ಕೊಟ್ಟದ್ದನ್ನ ಇಟ್ಕೊಂಡಿ. ಆಕಿ ಅಂಗಡಿ ಬಿಟ್ಟ ಸಿಟ್ಟು ಒಂದು, ವಾಚನಾಲಯದ ಗೋಡಿ ಮ್ಯಾಲ ಹೆಸರಿನ ಆಸೆ ಇನ್ನೊಂದು. ಕಳ್ಳ ನೀನು!"

ಭೀಮಶ್ಯಾ ತಲೆ ತಗ್ಗಿಸಿ ನಿಂತ. "ತಪ್ಪಾತ್ರಿ ಸರ" ಎಂದ.

"ಆಕೀನ್ನ ಎಲ್ಲಿ ಕಳ್ಳಿ ಅಂದಿದ್ದೆಯೋ ಅಲ್ಲೇ ಬರಿ. ಈಗ, ನನ್ನ ಮುಂದ."

ಅವನು "ಫೋಟೋ ಶೈಲಶ್ರೀದು, ಕದ್ದವ ನಾನು" ಎಂದು ಬರೆದು ತಲೆಯೆತ್ತದೆ ಹೊರಟುಹೋದ. ಗುರುಲಿಂಗಯ್ಯ ಶೈಲಶ್ರೀಯತ್ತ ತಿರುಗಿದರು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಲ್ಲವಾ ತಂಗಿ, ಅವು ಪಾಂಡವರು ಅಂತ ಒಂದು ಮಾತು ಹೇಳಬಾರದೇನು?"

"ಫೋಟೋ ತೆಗದವರು ಮಾತಾಡಬಾರದು ಅಂತ ನಿಯಮ ಮಾಡಿದವರು ನೀವೇ ಸರ. ಇವತ್ತು ಹೇಳಾಕ ಬಂದ್ರ, ನೆವ ಹೇಳಬ್ಯಾಡ ಅಂತ ಹೊರಗ ಕಳಿಸಿದ್ರಿ. ಆ ಕಲ್ಲಿಗೆ ಸುಣ್ಣ ಹಚ್ಚಿದಾಕಿ ನಾನೇ. ಆ ದಂಡಿ ಮ್ಯಾಲಿನ ಹೊಲ ನಮ್ಮದು."

ಬಾಗಿಲಲ್ಲಿ ನಿಂತಿದ್ದ ಶರಣಬಸಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಅಷ್ಟರಲ್ಲಿ ಶೈಲಶ್ರೀಯ ಫೋನು ರಿಂಗಾಯಿತು. ಬೆಳಿಗ್ಗೆ ಬೇಡವೆಂದಿದ್ದ ಸುಲೇಪೇಟದ ಅಮೃತಮ್ಮ. ಅವರ ಮಗಳೂ ಬಳಗದಲ್ಲಿದ್ದಳು. "ತಪ್ಪು ತಿಳೀಬ್ಯಾಡವಾ, ಶುಕ್ರವಾರ ಕುಬಸ, ಜಲ್ದಿ ಬಾ" ಎಂಬ ದನಿ ಎಲ್ಲರಿಗೂ ಕೇಳಿಸಿತು. ಶೈಲಶ್ರೀ "ಬರ್ತೀನ್ರಿ" ಎಂದಳು. ಆಮೇಲೆ ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟಳು.

ಗುರುಲಿಂಗಯ್ಯ ಬಳಗಕ್ಕೆ ಫೋಟೋ ಹಾಕಿ ಕೆಳಗೆ ಬರೆದರು: "ತೆಗೆದವರು ಶೈಲಶ್ರೀ. ಗೋಡೆಗೆ ಹೋಗುವುದು ಇದೇ. ಎಡಕ್ಕೆ ಇರುವವರು ಪಾಂಡವರು. ಧೂಳು ಎಂದು ಬರೆದ ನನ್ನದು ತಪ್ಪು."

ಮರುಕ್ಷಣವೇ ಟಿಣ್ ಎಂದಿತು. ರೇವಣಸಿದ್ದಯ್ಯ ಮೇಷ್ಟ್ರು, ಮೇಲಿನದು ಒಂದಕ್ಷರವೂ ಓದದೆ: "ಫೋಟೋ ಭಾಳ ಚಲೋ ಅದ. ಖರೆ ಧೂಳು ಇನ್ನೂ ಹಂಗೇ ಅದಲ್ರಿ, ಜರಾ ಒರಸ್ರಿ."

ಗುರುಲಿಂಗಯ್ಯ ಮೊಬೈಲನ್ನು ಹೆಂಡತಿಯ ಕೈಗಿಟ್ಟರು. "ಇದನ್ನ ಅಕ್ಕಿ ಡಬ್ಬ್ಯಾಗ ಹಾಕಿ ಮುಚ್ಚು. ನಾಳೆ ತನಕ ತೆಗೀಬ್ಯಾಡ."