ನೆಲಕ್ಕೆ ನೀರು ಕಟ್ಟಿದ ದಿನ

ಶವವನ್ನು ಸಾಗಿಸಿದವರು ಬೂಟುಗಳನ್ನು ಮರೆತಿದ್ದರು.

ಬಾತ್‌ರೂಮಿನ ಬಾಗಿಲ ಹೊರಗೆ ಅವು ಜೋಡಿಯಾಗಿ ನಿಂತಿದ್ದವು. ಸಾಕ್ಸುಗಳನ್ನು ಮಡಚಿ ಒಳಗಿಟ್ಟಿತ್ತು. ಅವಸರವಿಲ್ಲದೆ ಬಿಚ್ಚಿದ ಬೂಟುಗಳು. ಅಲ್ಲಿಂದ ಮಾರು ದೂರದಲ್ಲಿ ಜೇಸನ್ ಸತ್ತು ಬಿದ್ದಿದ್ದ. ಪಾದ ಮುಳುಗುವಷ್ಟು ನೀರಿನಲ್ಲಿ, ಬೋರಲಾಗಿ.

2016ರ ಆಗಸ್ಟ್. ದುಬೈಯ ಜೆಬೆಲ್ ಅಲಿ ಕಡೆಯ ಒಂದು ಹಳೆಯ ವಿಲ್ಲಾ. ಜೇಸನ್ ಬಾತ್‌ರೂಮುಗಳನ್ನು ಒಡೆದು ಹೊಸದಾಗಿ ಕಟ್ಟಿಕೊಡುವ ಕಂಟ್ರಾಕ್ಟರ್. ಅವನ ಕಂಪನಿಗೆ ವಿಮೆ ಕೊಟ್ಟಿದ್ದವರು ಮಂಗಳೂರಿನವಳಾದ ಕ್ಯಾರೊಲಿನ್‌ಳನ್ನು ಕಳಿಸಿದ್ದರು. ಅವಘಡ ಹೇಗಾಯಿತೆಂದು ಕಂಡುಹಿಡಿಯುವುದು ಅವಳ ಕೆಲಸ. ಸತ್ತವರಿಗಿಂತ ಬದುಕಿದವರೇ ಹೆಚ್ಚು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದನ್ನು ಆ ಕೆಲಸ ಅವಳಿಗೆ ಕಲಿಸಿತ್ತು.

“ಸರಳ ಕೇಸು,” ಎಂದ ಪೊಲೀಸ್ ಲೆಫ್ಟಿನೆಂಟ್ ಇಂಗ್ಲಿಷಿನಲ್ಲಿ. “ಹೀಟರಿನ ಅರ್ತ್ ತಂತಿ ಕಳಚಿತ್ತು. ಕರೆಂಟು ತಾಮ್ರದ ಪೈಪಿಗೆ ಇಳಿದು ನಲ್ಲಿಗೆ ಬಂತು. ಇವನು ನೀರಲ್ಲಿ ನಿಂತು ನಲ್ಲಿ ಹಿಡಿದ. ಖಲಾಸ್.”

“ತಂತಿ ಕಟ್ಟಿದ್ದು ಯಾರು?”

“ಇವನ ಎಲೆಕ್ಟ್ರಿಷಿಯನ್. ತುಕ್ರ ಅಂತ. ನಿನ್ನೆ ಇಬ್ಬರಿಗೂ ಜಗಳ ಆಗಿತ್ತಂತೆ. ಭಾನುವಾರ ಪ್ರಾಸಿಕ್ಯೂಶನ್‌ಗೆ ಒಪ್ಪಿಸುತ್ತೇವೆ.”

ಆ ದಿನ ಗುರುವಾರ.

*

ಮನೆಯೊಡತಿ ಎಲ್ಸಿಯೂ ಮಂಗಳೂರು ಕಡೆಯವಳು. ನಲವತ್ತರ ಆಸುಪಾಸು. ಗಂಡ ಅಬುಧಾಬಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಗಾಲಿಕುರ್ಚಿಯಲ್ಲಿ ಅವಳ ತಾಯಿ ಅಪೊಲೊನಿಯಾ ಕೂತಿದ್ದರು. ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಅವರ ತಲೆಯ ಮೇಲಿನ ಗೋಡೆಯಲ್ಲಿ ಒಬ್ಬ ಯುವಕನ ಫೋಟೊ, ಅದರ ಕೆಳಗೆ ಒಂದು ಪುಟ್ಟ ಕೆಂಪು ದೀಪ.

“ಮಾಯ್‌ಗೋಸ್ಕರ ಮಾಡಿಸಿದ್ದು,” ಎಂದಳು ಎಲ್ಸಿ ತಾಯಿಯತ್ತ ನೋಡಿ, ಚಹಾ ಕೊಡುತ್ತಾ. “ಹೊಸಿಲಿಲ್ಲ, ಟಬ್ಬಿಲ್ಲ. ಕುರ್ಚಿ ಸೀದಾ ಒಳಗೆ ಹೋಗ್ಬೇಕು. ನೆಲವೇ ಇಳಿಜಾರು, ನೀರು ತನ್ನಷ್ಟಕ್ಕೆ ಹರಿದು ಹೋಗ್ತದೆ. ಅದಕ್ಕೆ ಮೊದಲು ಪರೀಕ್ಷೆ ಉಂಟು. ತೂತಿಗೆ ಬಿರಡೆ ಹಾಕಿ ನೀರು ಕಟ್ಟಿ ಒಂದು ದಿನ ಬಿಡ್ತಾರೆ. ಮಟ್ಟ ಇಳಿದ್ರೆ ಎಲ್ಲೋ ಸೋರ್ತದೆ ಅಂತ ಅರ್ಥ.”

“ಬಿರಡೆ ತೆಗೆಯಲು ಜೇಸನ್ ಬಂದಿದ್ದರಾ?”

“ಹೌದು. ಅದು ಅವರ ಪದ್ಧತಿಯಂತೆ. ‘ನಲ್ಲಿ ತಿರುಗಿಸಿ ನೋಡಿ ಬಿರಡೆ ತೆಗೆಯೋದು ಮಾತ್ರ ನಾನೇ ಬಾಯಿ, ಬರಿಗಾಲಲ್ಲಿ. ಉದ್ಘಾಟನೆ ಇದ್ದ ಹಾಗೆ’ ಅಂತ ಮೊದಲ ದಿನವೇ ಹೇಳಿದ್ರು.”

“ಹೀಟರ್ ಸ್ವಿಚ್ ಹಾಕಿದ್ದು ಯಾರು?”

ಎಲ್ಸಿ ಕಪ್ಪನ್ನು ಕೆಳಗಿಟ್ಟಳು. “ನಾನೇ. ಪೊಲೀಸರಿಗೂ ಹೇಳಿದ್ದೇನೆ. ಬೆಳಿಗ್ಗೆ ಮಾಯ್‌ಗೆ ಗೆಸ್ಟ್ ಬಾತ್‌ರೂಮಲ್ಲಿ ಸ್ನಾನ ಮಾಡಿಸ್ಲಿಕ್ಕೆ ಹೀಟರ್ ಹಾಕಿದೆ. ಪ್ಯಾಸೇಜಲ್ಲಿ ಎರಡೂ ಸ್ವಿಚ್ ಒಟ್ಟಿಗೆ ಉಂಟು. ಕೈತಪ್ಪಿ ಇದರದ್ದೂ ಒತ್ತಿರ್ಬೇಕು.” ಅವಳ ದನಿ ನಡುಗಲಿಲ್ಲ. “ಸ್ವಿಚ್ ಹಾಕಿದ್ರೆ ಮನುಷ್ಯ ಸಾಯ್ತಾನೆ ಅಂತ ಯಾರಿಗೆ ಗೊತ್ತು? ತಂತಿ ಸರಿ ಇದ್ದಿದ್ರೆ ಎಂತದೂ ಆಗ್ತಿರ್ಲಿಲ್ಲ.”

ಆ ಮಾತು ಸರಿಯೇ ಇತ್ತು.

“ನೀವು ಕೆಲಸಕ್ಕೆ ಹೋಗ್ತೀರಾ?”

“ಆಸ್ಪತ್ರೆಯಲ್ಲಿ.”

ನರ್ಸ್ ಎಂದುಕೊಂಡಳು ಕ್ಯಾರೊಲಿನ್. ಗಲ್ಫಿನಲ್ಲಿ ಮಂಗಳೂರಿನ ಹೆಂಗಸು ಆಸ್ಪತ್ರೆ ಎಂದರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಹೊರಡುವಾಗ ಅವಳು ಫೋಟೊದತ್ತ ನೋಡಿದಳು. “ಇವರು ಯಾರು?”

ಎಲ್ಸಿ ಒಮ್ಮೆಲೇ ತಿರುಗಿದಳು. ಬಹಳ ದಿನದಿಂದ ಯಾರೋ ಕೇಳಬೇಕಿದ್ದ ಪ್ರಶ್ನೆಯನ್ನು ಇನ್ನಾರೋ ಕೇಳಿದರೆಂಬಂತೆ. “ತಮ್ಮ,” ಎಂದಳು. “ಬ್ರಾಯನ್. ತೀರಿಹೋದ.”

ಅಪೊಲೊನಿಯಾ ಕಣ್ಣು ಮುಚ್ಚಿಕೊಂಡರು.

*

ಶುಕ್ರವಾರ ಠಾಣೆಯಲ್ಲಿ ತುಕ್ರ ಸಿಕ್ಕಿದ. ಕಾಪು ಕಡೆಯವನು. ಹೆದರಿಕೆಯನ್ನು ಬಾಯಿಬಡುಕತನದಿಂದ ಮುಚ್ಚುವ ಜಾತಿ.

“ಬನ್ನಿ ಬಾಯಮ್ಮ, ಕೂತ್ಕೊಳ್ಳಿ. ಇಲ್ಲಿ ಏಸಿ ಲಾಯ್ಕ್ ಉಂಟು. ನಮ್ಮ ಕ್ಯಾಂಪಿಗಿಂತ ಅಡ್ಡಿಯಿಲ್ಲ.”

“ಜೇಸನ್ ಜೊತೆ ಜಗಳ ಯಾಕೆ?”

“ತಂಗಿಯ ಮದುವೆಗೆ ರಜೆ ಮಾಫಿ, ಇಲ್ಲವೇ ಇಲ್ಲ ಅಂದ. ‘ಈ ನೀರಲ್ಲೇ ನಿನ್ನನ್ನು ಮುಳುಗಿಸ್ತೇನೆ’ ಅಂದೆ. ಬಾಯಿ ಮಾತು ಮಾರಾಯ್ರೆ! ಮುಳುಗಿಸ್ಲಿಕ್ಕೆ ನೀರಾದ್ರೂ ಎಷ್ಟಿತ್ತು? ಕಪ್ಪೆ ಕೂಡ ಈಜ್ಲಿಕ್ಕಿಲ್ಲ.”

“ಅರ್ತ್ ತಂತಿ?”

ತುಕ್ರನ ನಗು ಹೋಯಿತು. “ಕಟ್ಟಿದ್ದೆ. ದೇವರಾಣೆ. ಆದ್ರೆ ಯಾರು ನಂಬ್ತಾರೆ? ನನಗಿಂತ ಮೊದಲು ಇದ್ದವನೂ ತನ್ನ ತಪ್ಪಿಲ್ಲ ಅಂತ್ಲೇ ಹೇಳಿದ್ನಂತೆ.”

“ಯಾರು?”

“ಒಬ್ಬ ಮಲಬಾರಿ, ಕೇರಳದವ. ಎರಡು ವರ್ಷದ ಹಿಂದೆ ಜೇಸನ್‌ಗೆ ಅಬುಧಾಬಿಯಲ್ಲಿ ಬೇರೆ ಹೆಸರಿನ ಕಂಪನಿ. ಒಂದು ಫ್ಲ್ಯಾಟಿನ ಬಾತ್‌ರೂಮಲ್ಲಿ ಅರ್ತ್ ಹಾಕ್ಲಿಕ್ಕೇ ಬಿಡ್ಲಿಲ್ಲ, ಟೈಲ್ಸ್ ಹಾಕಿ ಆಗಿದೆ, ಯಲ್ಲಾ, ಬೇಗ ಮುಚ್ಚು ಅಂದ. ಅಲ್ಲಿ ಬಾಡಿಗೆಗೆ ಬಂದ ಹುಡುಗ ಶವರಲ್ಲೇ ಸತ್ತ. ಮಲಬಾರಿ ಜೈಲಿಗೆ, ಜೇಸನ್ ದುಬೈಗೆ. ಬೋರ್ಡ್ ಬದಲಾಯ್ತು, ಅಷ್ಟೇ.”

“ಸತ್ತ ಹುಡುಗ?”

“ನಿಮ್ಮ ಮಂಗಳೂರಿನ ಕ್ರಿಶ್ಚಿಯನ್ ಹುಡುಗನೇ ಬಾಯಮ್ಮ. ಬ್ರಾಯನೋ ಏನೋ.”

ಎಲ್ಸಿಯ ಮನೆಯ ಗೋಡೆಯ ಮೇಲಿನ ಆ ಮುಖ ಕ್ಯಾರೊಲಿನ್‌ಳ ಕಣ್ಣಮುಂದೆ ಬಂತು. ಆದರೆ ತಮ್ಮನನ್ನು ಕಳೆದುಕೊಂಡದ್ದು ಅಪರಾಧವಲ್ಲ. ಕೈತಪ್ಪಿ ಒತ್ತಿದ ಸ್ವಿಚ್ಚೂ ಅಪರಾಧವಲ್ಲ.

*

ಅಲ್ ಮುರಕ್ಕಬಾತ್‌ನ ಕ್ಯಾರೊಲಿನ್‌ಳ ಫ್ಲ್ಯಾಟು ಹಳೆಯ ಕಟ್ಟಡದಲ್ಲಿತ್ತು. ಮಧ್ಯಾಹ್ನ ಬಂಗುಡೆ ಶುಚಿ ಮಾಡಿ, ಯೋಚನೆಯಲ್ಲೇ ತಣ್ಣೀರಿನ ನಲ್ಲಿ ತಿರುಗಿಸಿದಳು. ಕೈ ಚುರ್ರೆಂದಿತು.

“ಥತ್!”

ಟೆರೇಸಿನ ಟ್ಯಾಂಕು ಬಿಸಿಲಿಗೆ ಕುದಿಯುತ್ತಿತ್ತು. ಇಷ್ಟು ವರ್ಷ ಇದ್ದೂ ಇದನ್ನು ಮರೆತಳಲ್ಲ! ಬೇಸಿಗೆಯಲ್ಲಿ ಇಲ್ಲಿ ಎಲ್ಲವೂ ತಿರುಗುಮುರುಗು. ಮೇ ತಿಂಗಳಲ್ಲೇ ಹೀಟರ್ ಆರಿಸಿಬಿಡಬೇಕು. ಏಸಿಯ ತಂಪಿನಲ್ಲಿ ಆರಿದ ಹೀಟರಿನೊಳಗೆ ನಿಂತ ನೀರೇ ಮನೆಯಲ್ಲಿ ತಣ್ಣಗಿರುವ ನೀರು. ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು.

ಅವಳು ಒದ್ದೆ ಕೈಯಲ್ಲೇ ನಿಂತುಬಿಟ್ಟಳು.

ಆಗಸ್ಟ್ ತಿಂಗಳಲ್ಲಿ ಸ್ನಾನಕ್ಕೆ ಹೀಟರ್ ಹಾಕುವವರು ಯಾರು?

ಲೆಫ್ಟಿನೆಂಟ್‌ಗೆ ಅದು ಹೊಳೆದಿರಲಿಲ್ಲ. ಅವನಂಥವರು ಇರುವ ಹೊಸ ಮನೆಗಳಲ್ಲಿ ಟ್ಯಾಂಕಿನ ನೀರನ್ನು ತಂಪು ಮಾಡುವ ಯಂತ್ರವಿರುತ್ತದೆ. ಅವಳು ಕೈ ಒರೆಸಿಕೊಂಡು ಎಲ್ಸಿಯ ಆಸ್ಪತ್ರೆಗೆ ಫೋನ್ ಮಾಡಿದಳು.

“ಸಿಸ್ಟರ್ ಎಲ್ಸಿ ಯಾವ ವಾರ್ಡಿನಲ್ಲಿ?”

“ವಾರ್ಡಲ್ಲ ಮೇಡಂ,” ಎಂದಿತು ಅತ್ತಣ ದನಿ. “ಯಂತ್ರ ರಿಪೇರಿ ವಿಭಾಗ. ರೋಗಿಗೆ ಶಾಕ್ ಹೊಡೆಯದ ಹಾಗೆ ಮೆಶೀನುಗಳನ್ನು ಪರೀಕ್ಷೆ ಮಾಡುವುದು ಅವರೇ.”

*

ಶನಿವಾರ ಬೆಳಿಗ್ಗೆ ಎಲ್ಸಿ ಬಾಗಿಲು ತೆರೆದಳು. ಕ್ಯಾರೊಲಿನ್ ಕೈ ತೊಳೆಯಬೇಕೆಂದು ನೇರವಾಗಿ ಗೆಸ್ಟ್ ಬಾತ್‌ರೂಮಿಗೆ ಹೋಗಿ, ತಣ್ಣೀರಿನ ನಲ್ಲಿ ತಿರುಗಿಸಿ, ಮರಳಿ ಬಂದಳು. ಬೆರಳುಗಳು ಕೆಂಪಾಗಿದ್ದವು.

“ಕೈ ಸುಟ್ಟಿತು ಬಾಯಿ. ಬೆಳಿಗ್ಗೆಯೇ ಇಷ್ಟು ಬಿಸಿ. ಈ ನೀರಿಗೆ ನೀವು ಹೀಟರ್ ಬೇರೆ ಹಾಕಿದಿರಾ?”

ಎಲ್ಸಿ ಹೋಗಿ ತಾಯಿಯ ಪಕ್ಕದಲ್ಲಿ ಕೂತಳು.

“ಒಂದು ಸ್ವಿಚ್ಚಿಗೆ ಬದಲು ಎರಡು ಒತ್ತುವುದು ಕೈತಪ್ಪು. ಆದರೆ ಮೊದಲನೆಯದನ್ನು ಒತ್ತುವ ಕಾರಣವೇ ಇರಲಿಲ್ಲ. ಅಂದರೆ ನೀವು ಒತ್ತಿದ್ದು ಒಂದೇ, ಬೇಕೆಂದೇ. ಮೊದಲೇ ತಂತಿ ಬಿಚ್ಚಿಟ್ಟಿದ್ದಿರಿ. ಆ ಕೆಲಸ ನಿಮಗೆ ಗೊತ್ತು. ಬರಿಗಾಲಲ್ಲಿ ನೀರಿಗಿಳಿದು ನಲ್ಲಿ ಮುಟ್ಟುವವನು ಜೇಸನ್ ಒಬ್ಬನೇ ಅಂತ ಅವನೇ ನಿಮಗೆ ಹೇಳಿದ್ದ. ಬೇರೆ ಯಾರೂ ಸಾಯುವ ಭಯ ಇರಲಿಲ್ಲ.” ಕ್ಯಾರೊಲಿನ್ ಫೋಟೊದತ್ತ ಕೈ ತೋರಿಸಿದಳು. “ಕಾರಣ ಅಲ್ಲಿದೆ.”

ಎಲ್ಸಿ ತಾಯಿಯ ಹೆಗಲ ಮೇಲಿನ ಶಾಲು ಸರಿಪಡಿಸಿದಳು.

“ಮೂರು ವಾರ ಅವನು ಇಲ್ಲಿಗೆ ಬಂದ,” ಎಂದಳು. “ಇದೇ ಸೋಫಾದಲ್ಲಿ ಕೂತು ಚಹಾ ಕುಡಿದ. ಬ್ರಾಯನ್‌ನ ಫೋಟೊದ ಅಡಿಯಲ್ಲೇ. ‘ದೀಪ ಚೆಂದ ಉಂಟು, ಬ್ಯಾಟರಿಯದ್ದಾ?’ ಅಂತ ಕೇಳಿದ. ಯಾರು ಅಂತ ಕೇಳ್ಲಿಲ್ಲ. ದಿನಾ ಕಾದೆ. ಇವತ್ತು ಕೇಳ್ಬಹುದು, ಈ ಮುಖದ ಗುರುತು ಹತ್ತಬಹುದು ಅಂತ. ಒಮ್ಮೆ ಕೇಳಿದ್ರೂ ಬಿಟ್ಟುಬಿಡ್ತಿದ್ದೆ. ಅವನು ತಾನು ಕೊಂದವನ ಮುಖವನ್ನು ಒಂದು ಸಲವೂ ನೋಡಿರ್ಲಿಲ್ಲ ಬಾಯಿ. ಹೆಣ ಊರಿಗೆ ಹೋಗುವಾಗ ಬರ್ಲೂ ಇಲ್ಲ.”

“ಹಾಗಾಗಿ ಅವನನ್ನೇ ಹುಡುಕಿ ಕರೆಸಿದಿರಿ.”

“ಮತ್ತೆ? ದುಬೈಯಲ್ಲಿ ಬೇರೆ ಕಂಟ್ರಾಕ್ಟರ್ ಇರ್ಲಿಲ್ವಾ?” ಎಲ್ಸಿ ನಕ್ಕಳು. ಆ ನಗುವಿನಲ್ಲಿ ಪಶ್ಚಾತ್ತಾಪದ ಎಳೆಯೂ ಇರಲಿಲ್ಲ. “ಬ್ರಾಯನ್ ಹೇಗೆ ಸತ್ತನೋ ಹಾಗೇ ಸಾಯ್ಬೇಕಿತ್ತು. ಸತ್ತ. ಬೇಕಾದ್ರೆ ಇನ್ನೊಮ್ಮೆ ಮಾಡ್ತೇನೆ.”

“ತುಕ್ರ?”

“ಅವನಿಗೆ ಎಂತ ಆಗ್ತದೆ? ಸ್ವಲ್ಪ ದಿನ ಒಳಗಿಟ್ಟು ಬಿಡ್ತಾರೆ.”

“ಮಲಬಾರಿಯನ್ನು ಹಿಡಿದಾಗ ಜೇಸನ್ ಕೂಡ ಇದನ್ನೇ ಹೇಳಿರಬೇಕು.”

ಎಲ್ಸಿಯ ಕೈ ಶಾಲಿನ ಮೇಲೆ ನಿಂತಿತು. ಎರಡು ವರ್ಷ ಅವಳು ದ್ವೇಷವನ್ನು ಜೋಪಾನವಾಗಿ ಸಾಕಿದ್ದಳು. ಅದರಲ್ಲಿ ಜೇಸನ್‌ನ ಹೊರತು ಇನ್ನೊಬ್ಬನಿಗೆ ಜಾಗವಿರಲಿಲ್ಲ. ಈಗ ಆ ಜಾಗದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಬಂದು ನಿಂತಿದ್ದ. ಅವನ ಪಕ್ಕದಲ್ಲಿ ಇನ್ನೊಬ್ಬ. ಇಬ್ಬರೂ ಮಾಡದ ತಪ್ಪಿಗೆ ಒಳಗೆ ಹೋದವರು. ಒಬ್ಬನನ್ನು ಜೇಸನ್ ಕಳಿಸಿದ್ದ. ಇನ್ನೊಬ್ಬನನ್ನು ಕಳಿಸಿದ್ದು ಅವಳು.

ಅಪೊಲೊನಿಯಾ ಮಗಳನ್ನೇ ನೋಡುತ್ತಿದ್ದರು. ಆ ನೋಟ ಬೈಗುಳವೋ ಬೀಳ್ಕೊಡುಗೆಯೋ ಕ್ಯಾರೊಲಿನ್‌ಗೆ ತಿಳಿಯಲಿಲ್ಲ.

“ನಾಳೆ ಅವನನ್ನು ಒಪ್ಪಿಸುತ್ತಾರೆ,” ಎಂದಳು ಕ್ಯಾರೊಲಿನ್. “ನನ್ನ ವರದಿ ಹೇಗೂ ಹೋಗುತ್ತದೆ. ಆದರೆ ಹೀಟರಿನ ಮಾತಿನಿಂದ ಅವರಿಗೆ ನಂಬಿಕೆ ಬರಲು ತಿಂಗಳುಗಳೇ ಬೇಕಾದಾವು.”

ಎಲ್ಸಿ ಎದ್ದಳು. ಮೊದಲು ಗಂಡನಿಗೆ ಫೋನ್ ಮಾಡಿದಳು. “ಬೇಗ ಬನ್ನಿ. ಮಾಯ್ ಒಬ್ಬರೇ ಆಗ್ತಾರೆ,” ಎಂದಳು, ಅಷ್ಟೇ. ಆಮೇಲೆ ಲೆಫ್ಟಿನೆಂಟ್‌ಗೆ.

ಅವನು ಬಂದು ಎದುರಿಗೆ ಕೂತ. ಅವಳು ಎಲ್ಲವನ್ನೂ ಹೇಳಿದಳು. ಸ್ವಿಚ್ಚು, ತಂತಿ, ಆಗಸ್ಟ್ ತಿಂಗಳು. ಅವನು ಕೇಳಿ ಕೇಳಿ ಬರೆದುಕೊಂಡ. ಕೊನೆಗೆ ತಲೆ ಎತ್ತಿದ.

“ನಿಮ್ಮ ಪೂರ್ತಿ ಹೆಸರು? ಗಂಡನ ಹೆಸರು?”

“ಎಲ್ಸಿ,” ಎಂದಳು. “ಗಂಡನದ್ದು ಬೇಡ. ಬ್ರಾಯನ್‌ನ ಅಕ್ಕ ಅಂತ ಬರೀರಿ.”

ಲೆಫ್ಟಿನೆಂಟ್ ಪೆನ್ನು ನಿಲ್ಲಿಸಿದ.

“ಬ್ರಾಯನ್ ಯಾರು?” ಎಂದು ಕೇಳಿದ.

ಎಲ್ಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳತೊಡಗಿದಳು.